ತೊಟ್ಟಿಯ ಕಡಲಿನಲ್ಲಿ ಬೇಟೆಮೀನು

ಕ್ರಿಸ್ತಶಕ 1ನೆಯ ಶತಮಾನದಲ್ಲಿ ಕೃಷಿಯನ್ನು ಕುರಿತು ಹನ್ನೆರಡು ಭಾಗಗಳ ಬೃಹದ್ಗ್ರಂಥವನ್ನು ರಚಿಸಿದ ರೋಮನ್ ಲೇಖಕ ಕೊಲುಮೆಲ್ಲನು, ಅದರ ಎಂಟನೆಯ ಭಾಗದಲ್ಲಿ ಕೋಳಿ, ಪಾರಿವಾಳ, ನವಿಲು, ಬಾತುಗಳ ಸಾಕಣೆಯನ್ನು ಸವಿಸ್ತಾರವಾಗಿ ನಿರೂಪಿಸಿದ ಮೇಲೆ, ಕಡಲತಡಿಯ ಮೀನುಕೊಳಗಳ ವಿಚಾರಕ್ಕೆ ಬಂದು ಒಂದು ಎಚ್ಚರಿಕೆಯ ಮಾತನ್ನು ಹೇಳಿದ್ದಾನೆ. ಮುರೇನವೆಂಬ ಹಾವುಮೀನನ್ನು ಅನ್ಯಜಾತಿಯ ಮೀನುಗಳೊಡನೆ ಬೆರೆಸಿ ಇಡಲಾಗದು. ನಾಯಿಗಳಿಗೆ ಹಿಡಿಯುವ ಹುಚ್ಚು ಈ ಮೀನಿಗೂ ಹಿಡಿಯುವುದುಂಟು. ಹಾಗೆ ಹಿಡಿದಾಗ ಅದು ಹುರುಪೆಯುಳ್ಳ ಮೀನುಗಳನ್ನು ಬೆನ್ನಟ್ಟಿ ಬಹುಪಾಲನ್ನು ತಿಂದುಹಾಕುತ್ತದೆ ಎಂಬುದು ಆ ಮಾತಿನ ಸಾರ. ಹುಚ್ಚಿನ ವಿಷಯದಲ್ಲಿ ಅವನ ತಿಳಿವು ತಪ್ಪಾಗಿತ್ತು. ಮುರೇನವು ಕತ್ತಲು ಕವಿದ ಮೇಲೆ ವಾಸನೆಯನ್ನು ಹಿಡಿದು ಬೇಟೆಗೆ ಹೊರಡುವುದು ಅದರ ಸಹಜಧರ್ಮವೇ ಹೊರತು ರೋಗವಲ್ಲ. ಆದರೆ ಅವಲೋಕನ ಮಾತ್ರ ನಿರ್ದುಷ್ಟವಾದುದು. ಅದೇ ಪ್ರಕರಣದಲ್ಲಿ ಅವನು, ಕೊಳದ ಪಕ್ಕದ ಗೋಡೆಗಳಲ್ಲಿ ಸಾಮಾನ್ಯ ಮೀನುಗಳಿಗಾಗಿ ನೇರವಾದ ಬಿಲಗಳನ್ನೂ ಮುರೇನಗಳು ಅಡಗಿ ಕುಳಿತುಕೊಳ್ಳಲು ಹೆಚ್ಚು ಅಗಲವಲ್ಲದ, ಸುತ್ತಿಸುತ್ತಿ ಒಳಸರಿಯುವ ಗುಹೆಗಳನ್ನೂ ಕೊರೆಯಬೇಕೆನ್ನುತ್ತಾನೆ. ಒಳನುಗ್ಗುವ ಅಲೆಯು ಹಳೆಯ ನೀರನ್ನು ಹೊರಕ್ಕೆ ತಳ್ಳುವಂತಿರುವ ಕೊಳವೇ ಶ್ರೇಷ್ಠವೆನ್ನುತ್ತಾನೆ. ಇಂದು ಮನೆಯೊಳಗಿನ ಗಾಜಿನ ತೊಟ್ಟಿಯಲ್ಲಿ ಜೀವಂತ ಹವಳಗಳ ನಡುವೆ ಬೇಟೆಮೀನೊಂದನ್ನು ಸಾಕಹೊರಟವನಿಗೆ ಅನುಭವಸ್ಥರು ಹೇಳುವ ಮೊದಲ ಮಾತುಗಳೂ ಇವೇ ಮೂರು: ಜೊತೆಗಾರರನ್ನು ನೋಡಿ ಆರಿಸಿಕೋ, ಅಡಗುತಾಣವನ್ನು ಒದಗಿಸು, ನೀರನ್ನು ನಿಲ್ಲಗೊಡಬೇಡ.

ಬೇಟೆಮೀನಿನ ಬಾಯಿಯ ಸ್ವಭಾವವನ್ನು ಅರಿತುಕೊಳ್ಳಲು ಮನುಷ್ಯನಿಗೆ ಹೆಚ್ಚು ಕಾಲ ಹಿಡಿಯಲಿಲ್ಲ. ಅದರ ಹೊಟ್ಟೆಯಿಂದ ಹೊರಬಿದ್ದುದು ನೀರನ್ನು ಏನು ಮಾಡುತ್ತದೆಂಬುದನ್ನು ಅರಿಯಲು ಹತ್ತೊಂಬತ್ತು ಶತಮಾನಗಳು ಬೇಕಾದವು. ತೊಟ್ಟಿಯಿಂದಾಚೆಗೆ ಅದು ಏನು ಮಾಡಬಲ್ಲುದೆಂಬುದನ್ನಂತೂ ನಮ್ಮ ಕಾಲದಲ್ಲಿ, ನಷ್ಟವು ಸಂಭವಿಸಿದ ತರುವಾಯ ಅರಿತೆವು. ಈ ಸಾಕಣೆಯ ಇತಿಹಾಸವನ್ನು ಹೇಳಬೇಕೆನಿಸುವುದು ಇದಕ್ಕಾಗಿ.

ರೋಮಿನ ಗಣರಾಜ್ಯವು ಕುಸಿಯುತ್ತಿದ್ದ ದಿನಗಳಲ್ಲಿ, ಅಂದರೆ ಕ್ರಿಸ್ತಪೂರ್ವ 1ನೆಯ ಶತಮಾನದಲ್ಲಿ, ನೇಪಲ್ಸ್ ಕೊಲ್ಲಿಯ ತೀರದುದ್ದಕ್ಕೂ ಸಿರಿವಂತರು ಬಂಡೆಗಳನ್ನು ಕಡಿಸಿ ಉಪ್ಪುನೀರಿನ ಕೊಳಗಳನ್ನು ಕಟ್ಟಿಸಿಕೊಳ್ಳುತ್ತಿದ್ದರು. ಲುಕುಲ್ಲಸನು ಬೆಟ್ಟವೊಂದನ್ನೇ ಸೀಳಿಸಿ ಕಡಲನ್ನು ತನ್ನ ಕೊಳಕ್ಕೆ ಬರಮಾಡಿಕೊಂಡನೆಂದೂ, ಹಿರ್ರಿಯಸನೆಂಬವನು ಸೀಸರನ ವಿಜಯೋತ್ಸವದ ಔತಣಗಳಿಗೆ 6,000 ಮುರೇನಗಳನ್ನು ಹಣಕ್ಕೆ ಮಾರಲೊಪ್ಪದೆ ತೂಕಮಾಡಿ ಕಡವಾಗಿ ಕೊಟ್ಟನೆಂದೂ, ಮಹಾವಾಗ್ಮಿ ಹೊರ್ಟೆನ್ಸಿಯಸನು ತನ್ನ ಅಚ್ಚುಮೆಚ್ಚಿನ ಮುರೇನವು ಸತ್ತಾಗ ಕಣ್ಣೀರಿಟ್ಟನೆಂದೂ, ಅದೇ ಕೊಳದಲ್ಲಿ ಮುಂದೆ ಡ್ರೂಸಸನ ಪತ್ನಿ ಅಂತೋನಿಯಳು ತಾನು ಮೆಚ್ಚಿದ ಮೀನಿಗೆ ಓಲೆಗಳನ್ನು ತೊಡಿಸಿದ್ದಳೆಂದೂ ರೋಮನ್ ಲೇಖಕ ಪ್ಲಿನಿಯು ಬರೆದಿಟ್ಟಿದ್ದಾನೆ. ರಾಜ್ಯವು ಮುಳುಗುತ್ತಿರುವಾಗ ಕೊಳದ ಮೀನಿನ ಯೋಗಕ್ಷೇಮವನ್ನೇ ಧ್ಯಾನಿಸುತ್ತಿದ್ದ ಈ ಮಹನೀಯರ ವಿಷಯದಲ್ಲಿ ಸಿಸೆರೊ ತನ್ನ ಪತ್ರಗಳಲ್ಲಿ ತೋರಿದ ಕೋಪವು ನ್ಯಾಯವಾದುದೇ.

ಈ ವೃತ್ತಾಂತಗಳಲ್ಲೆಲ್ಲ ಅತ್ಯಂತ ಘೋರವಾದುದು ವೇದಿಯಸ್ ಪೊಲ್ಲಿಯೊ ಎಂಬವನದು. ತಪ್ಪು ಮಾಡಿದ ದಾಸರನ್ನು ಮುರೇನಗಳ ಕೊಳಕ್ಕೆ ಎಸೆಸುವುದು ಅವನು ವಿಧಿಸುತ್ತಿದ್ದ ದಂಡನೆ. ಒಮ್ಮೆ ಅಗಸ್ಟಸ್ ಚಕ್ರವರ್ತಿಯು ಅವನಲ್ಲಿ ಔತಣಕ್ಕೆ ಬಂದಿದ್ದಾಗ, ದಾಸನೊಬ್ಬನ ಕೈಜಾರಿ ಸ್ಫಟಿಕದ ಬಟ್ಟಲೊಂದು ಒಡೆಯಿತು. ಪೊಲ್ಲಿಯೊ ಎಂದಿನ ದಂಡನೆಯನ್ನು ಆಜ್ಞಾಪಿಸಿದನು. ದಾಸನು ಬಿಡಿಸಿಕೊಂಡು ಓಡಿಬಂದು ಚಕ್ರವರ್ತಿಯ ಕಾಲಿಗೆ ಬಿದ್ದು, ಪ್ರಾಣಭಿಕ್ಷೆಯನ್ನು ಸಹ ಬೇಡದೆ, ಮೀನಿಗೆ ಆಹಾರವಾಗದಂತೆ ಬೇರೆ ಬಗೆಯಲ್ಲಿ ಸಾಯಲು ಬಿಡಬೇಕೆಂದು ಮಾತ್ರ ಬೇಡಿಕೊಂಡನು. ಅಗಸ್ಟಸನು ಅವನನ್ನು ಬಿಡುಗಡೆ ಮಾಡಿಸಿ, ಆ ಮನೆಯಲ್ಲಿದ್ದ ಸ್ಫಟಿಕಪಾತ್ರೆಗಳನ್ನೆಲ್ಲ ತನ್ನ ಕಣ್ಣೆದುರಿನಲ್ಲಿಯೇ ಒಡೆಯಿಸಿ, ಕೊಳವನ್ನು ಮುಚ್ಚಿಸಿದನೆಂದು ಸೆನೆಕನು ಕ್ರೋಧವನ್ನು ಕುರಿತ ತನ್ನ ಗ್ರಂಥದಲ್ಲಿ ಹೇಳಿದ್ದಾನೆ. ಒಂದೇ ಮೀನನ್ನು ಒಬ್ಬನು ಮಗುವಿನಂತೆ ಮುದ್ದಿಸಿದನು, ಇನ್ನೊಬ್ಬನು ಕೊಲೆಯ ಆಯುಧವನ್ನಾಗಿ ಮಾಡಿಕೊಂಡನು. ಮೀನಿಗೆ ಎರಡೂ ತಿಳಿಯದು. ಬಂಡೆಯಲ್ಲಿ ಕಡಿದ ಆ ಕೊಳಗಳ ಅವಶೇಷಗಳು ಇಟಲಿಯ ಪಶ್ಚಿಮ ತೀರದಲ್ಲಿ ಈಗಲೂ ಅಲೆಗಳ ಕೆಳಗೆ ಕಾಣುತ್ತವೆ. ಅವುಗಳ ಕಾಲುವೆ ಕದಗಳ ಮಟ್ಟವನ್ನು ಅಳೆದು, ಎರಡು ಸಾವಿರ ವರ್ಷಗಳಲ್ಲಿ ಸಮುದ್ರವು ಎಷ್ಟು ಏರಿತೆಂಬುದನ್ನು ವಿಜ್ಞಾನಿಗಳು ಲೆಕ್ಕಹಾಕುತ್ತಿದ್ದಾರೆ. ಸಿರಿವಂತರ ವಿಲಾಸದಿಂದ ಲೋಕಕ್ಕೆ ಇಷ್ಟಾದರೂ ಉಪಕಾರವಾಯಿತು.

ನಮ್ಮ ನಾಡಿನ ಅರಸರಲ್ಲಿಯೂ ಮೀನಿನ ವಿಷಯದಲ್ಲಿ ಕುತೂಹಲವಿದ್ದಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಮತ್ಸ್ಯವಿನೋದ ಪ್ರಕರಣದಲ್ಲಿ, ಕಡಲಿನ ಮೀನು, ಹೊಳೆಯ ಮೀನು, ಹುರುಪೆಯುಳ್ಳದ್ದು, ಇಲ್ಲದ್ದು ಎಂದು ವಿಂಗಡಿಸಿ, ಯಾವುದಕ್ಕೆ ಯಾವ ಆಹಾರವೆಂಬುದನ್ನು ಹೇಳಿದೆ. ಅಲ್ಲಿನ ಉದ್ದೇಶ ಗಾಳದ ವಿನೋದವೇ ಹೊರತು ಸಾಕಣೆಯಲ್ಲ. ಆದರೂ ಮೀನನ್ನು ಅದರ ಊಟದ ಮೂಲಕ ಅರಿಯಬೇಕೆಂಬ ದೃಷ್ಟಿ ಅದರಲ್ಲಿದೆ, ಮತ್ತು ಈ ವಿದ್ಯೆಗೆ ಅದೇ ಹೆಬ್ಬಾಗಿಲು.

ಕಡಲಿನ ಜೀವವನ್ನು ಕಡಲಿನಿಂದ ದೂರಕ್ಕೆ ತಂದು ಗಾಜಿನಾಚೆ ನೋಡುವ ಪದ್ಧತಿಯು ಆರಂಭವಾದುದು 19ನೆಯ ಶತಮಾನದಲ್ಲಿ. ಸಿಸಿಲಿಯ ಮೆಸ್ಸಿನದಲ್ಲಿ ನೆಲಸಿದ್ದ ಫ್ರೆಂಚ್ ಮಹಿಳೆ ಜಾನ್ ವಿಲ್‌ಪ್ರೂ-ಪವರ್ ಅವರು 1832ರ ಸುಮಾರಿಗೆ ಆರ್ಗೊನಾಟವೆಂಬ ಚಿಪ್ಪಿನ ಅಷ್ಟಪದಿಯನ್ನು ಅಭ್ಯಸಿಸಲು ಗಾಜಿನ ತೊಟ್ಟಿಯನ್ನು ಮಾಡಿಸಿದರು. 1846ರಲ್ಲಿ ಆನ್ ಥಿನ್ ಎಂಬ ಆಂಗ್ಲಮಹಿಳೆಯು ಟಾರ್ಕೀ ತೀರದಿಂದ ಕಲ್ಲುಹವಳಗಳನ್ನು ಲಂಡನ್ನಿನ ತಮ್ಮ ಮನೆಗೆ ತಂದು ಜೀವಂತವಾಗಿ ಉಳಿಸಿದರು. ಅದರ ವಿಧಾನವೇನೆಂದರೆ, ಮನೆಗೆಲಸದ ಹೆಣ್ಣೊಬ್ಬಳು ತೆರೆದ ಕಿಟಕಿಯ ಬಳಿ ನಿಂತು, ನಿತ್ಯವೂ ಅರ್ಧ ಮುಕ್ಕಾಲು ಗಂಟೆಯ ಹೊತ್ತು, ಉಪ್ಪುನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಸುರಿಯುತ್ತ ಅದಕ್ಕೆ ಗಾಳಿಯನ್ನು ಸೇರಿಸುತ್ತಿದ್ದಳು. ಮನೆಯೊಳಗೆ ಹವಳವನ್ನು ಬದುಕಿಸಿದ ಶ್ರೇಯಸ್ಸಿನಲ್ಲಿ ಆ ತೋಳುಗಳಿಗೂ ಪಾಲು ಸಲ್ಲಬೇಕು. ಇಂದು ಆ ಕೆಲಸವನ್ನು ವಿದ್ಯುತ್ ಪಂಪುಗಳು ಹಗಲಿರುಳೂ ಮಾಡುತ್ತಿವೆ.

1850ರಲ್ಲಿ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ನರು, ಸಸ್ಯವು ಬಿಡುವ ಪ್ರಾಣವಾಯುವನ್ನು ಮೀನು ಸೇವಿಸುವುದು, ಕೊಳೆತ ಎಲೆಯನ್ನು ಶಂಖದ ಹುಳು ತಿನ್ನುವುದು ಎಂಬ ಪರಸ್ಪರ ಸಮತೋಲದ ತತ್ತ್ವವನ್ನು ಪ್ರತಿಪಾದಿಸಿದರು. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಗೃಹ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ಸೆ ಅವರ ‘ದಿ ಅಕ್ವೇರಿಯಂ’ ಎಂಬ ಪುಸ್ತಕವು ಹೊರಬಂದು, ಇಂಗ್ಲೆಂಡಿನ ಮಧ್ಯಮವರ್ಗದ ಮನೆಗಳಲ್ಲಿ ಗಾಜಿನ ತೊಟ್ಟಿಯು ಒಂದು ವ್ಯಾಮೋಹವೇ ಆಯಿತು. ಜನರು ಬಕೆಟ್ಟು ಉಳಿಗಳನ್ನು ಹಿಡಿದು ಕಡಲತೀರಕ್ಕೆ ಮುಗಿಬಿದ್ದುದರಿಂದ ಬಂಡೆಗಳ ನಡುವಣ ಮಡುಗಳು ಬರಿದಾದುವೆಂದು ಅವರ ಮಗ ಎಡ್ಮಂಡ್ ಗಾಸ್ಸೆ 1907ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನದಲ್ಲಿ ಹಲುಬಿದ್ದಾರೆ. ಪ್ರೀತಿಯು ತಾನು ಪ್ರೀತಿಸಿದ್ದನ್ನೇ ಬರಿದುಮಾಡುವ ಈ ಪ್ರಸಂಗವು ಮುಂದೆಯೂ ಬರಲಿದೆ.

ಸಮತೋಲದ ಆ ಸಿದ್ಧಾಂತದಲ್ಲಿ ಬೇಟೆಮೀನಿಗೆ ಎಡೆಯಿರಲಿಲ್ಲ. ಪಾಚಿಯನ್ನು ಮೇಯುವ ಜೀವಿಯ ಊಟವು ತೊಟ್ಟಿಯೊಳಗೆ ಬೆಳೆಯುತ್ತದೆ. ಮಾಂಸವನ್ನು ತಿನ್ನುವುದರ ಊಟವಾದರೋ ಹೊರಗಿನಿಂದ ಬರಬೇಕು, ಮತ್ತು ಬಂದುದೆಲ್ಲವೂ ಕಡೆಗೆ ನೀರಿನಲ್ಲಿಯೇ ಉಳಿಯುತ್ತದೆ. ಮೀನು ತಿಂದ ಮಾಂಸದ ಸಸಾರಜನಕವು ಅದರ ಕಿವಿರುಗಳ ಮೂಲಕ ಅಮೋನಿಯವಾಗಿ ಹೊರಬೀಳುವುದು. ಕಿಂಚಿತ್ ಪ್ರಮಾಣದಲ್ಲಿದ್ದರೂ ಅದು ಮೀನಿಗೆ ವಿಷ. ಈ ವಿಷವನ್ನು ಪರಿಹರಿಸುವವರು ಯಾರೆಂಬುದು 1877ರಲ್ಲಿ ಫ್ರಾನ್ಸಿನ ಷ್ಲೋಸಿಂಗ್ ಮತ್ತು ಮುಂಟ್ಜ್ ಎಂಬ ಇಬ್ಬರು ವಿಜ್ಞಾನಿಗಳು ಕೊಳಚೆ ನೀರನ್ನು ಮರಳಿನ ಮೂಲಕ ಹರಿಸಿ ಪರೀಕ್ಷಿಸಿದಾಗ ಬೆಳಕಿಗೆ ಬಂದಿತು: ಅಮೋನಿಯವನ್ನು ನೈಟ್ರೇಟಾಗಿ ಮಾರ್ಪಡಿಸುತ್ತಿದ್ದುದು ಮರಳಿಗೆ ಅಂಟಿಕೊಂಡಿದ್ದ ಸೂಕ್ಷ್ಮಜೀವಿಗಳು. ಮೀನುತೊಟ್ಟಿಯ ಕಟ್ಟುವಿಕೆಗೆ ಈ ಅರಿವು ಇಳಿದುಬರಲು ಮತ್ತೆ ಬಹುಕಾಲ ಹಿಡಿಯಿತು. ಆದರೆ ಕಾರಣವನ್ನು ಅರಿಯದೆಯೂ ಉಪಾಯವನ್ನು ಕಂಡುಕೊಂಡವರೊಬ್ಬರಿದ್ದರು. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಮತ್ಸ್ಯಾಗಾರವನ್ನು ನಿರ್ಮಿಸಿದ ವಿಲಿಯಂ ಆಲ್ಫರ್ಡ್ ಲಾಯ್ಡ್ ಅವರು, ಪ್ರದರ್ಶನದ ತೊಟ್ಟಿಗಳಿಗಿಂತಲೂ ದೊಡ್ಡದಾದ ಜಲಾಶಯವೊಂದನ್ನು ನೆಲದಡಿಯ ಕತ್ತಲೆಯಲ್ಲಿ ಕಟ್ಟಿಸಿ, ನೀರು ಎಡೆಬಿಡದೆ ಅಲ್ಲಿಗಿಳಿದು ಮೇಲೇರಿ ಬರುವಂತೆ ಮಾಡಿದರು. ಇಂದಿನ ಹವಳದ ತೊಟ್ಟಿಗಳ ಕೆಳಗೆ ಬೀರುವಿನೊಳಗೆ ಅಡಗಿರುವ ಸಂಪ್ ಎಂಬ ಎರಡನೆಯ ತೊಟ್ಟಿಯು ಲಾಯ್ಡರ ಆ ಜಲಾಶಯದ ಸಂತತಿಯೇ ಸರಿ.

ಬೇಟೆಗಾರನ ಬಾಯಿಯಾದರೂ ಆ ಕಾಲದವರನ್ನು ಪೂರ್ತಿಯಾಗಿ ಬಿಟ್ಟಿರಲಿಲ್ಲ. 1872ರಲ್ಲಿ ತೆರೆದ ಬ್ರೈಟನ್ನಿನ ಮತ್ಸ್ಯಾಗಾರದಲ್ಲಿ ಲಂಪ್‌ಫಿಷ್ ಎಂಬ ಜಾತಿಯ ಎಳೆಯ ಮೀನುಗಳು ಒಂದೊಂದಾಗಿ ಕಾಣೆಯಾಗತೊಡಗಿದುವು. ಕಾರಣ ತಿಳಿಯದೆ ಎಲ್ಲರೂ ಕಂಗೆಟ್ಟಿರುವಾಗ, ಒಂದು ಬೆಳಗ್ಗೆ ಪಕ್ಕದ ತೊಟ್ಟಿಯ ಅಷ್ಟಪದಿಯು ಆ ಮೀನುಗಳ ತೊಟ್ಟಿಯಲ್ಲಿಯೇ ಸಿಕ್ಕಿಬಿದ್ದಿತು. ರಾತ್ರಿಯಲ್ಲಿ ಗೋಡೆಯನ್ನು ಹತ್ತಿ ಇಳಿದು, ಉಂಡು, ಬೆಳಗಾಗುವ ಮೊದಲೇ ಸ್ವಸ್ಥಾನಕ್ಕೆ ಮರಳುವುದು ಅದರ ಪದ್ಧತಿಯಾಗಿತ್ತೆಂದು ಅಲ್ಲಿನ ಪ್ರಕೃತಿವಿಜ್ಞಾನಿ ಹೆನ್ರಿ ಲೀ 1875ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ.

ಭಾರತದಲ್ಲಿ ಕಡಲಮೀನುಗಳ ಮೊದಲ ಸಾರ್ವಜನಿಕ ಮತ್ಸ್ಯಾಗಾರವು ಮದರಾಸಿನ ಮರೀನಾ ತೀರದಲ್ಲಿ 1909ರಲ್ಲಿ ತೆರೆಯಿತು. ಅದರ ಹಿಂದಿದ್ದವರು ಮದರಾಸು ವಸ್ತುಸಂಗ್ರಹಾಲಯದ ಅಧಿಕಾರಿ ಎಡ್ಗರ್ ಥರ್ಸ್ಟನ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆ ಮತ್ಸ್ಯಾಗಾರವು ಮುಚ್ಚಿಹೋಯಿತು. ಮುಂಬಯಿಯ ತಾರಾಪೋರ್‌ವಾಲಾ ಮತ್ಸ್ಯಾಗಾರವು ಬಂದುದು 1951ರಲ್ಲಿ.

ಸಾಮಾನ್ಯರ ಮನೆಯೊಳಕ್ಕೆ ಉಷ್ಣವಲಯದ ಕಡಲಮೀನು ಬಂದುದು ಆ ಯುದ್ಧಾನಂತರದ ದಶಕಗಳಲ್ಲಿ. ವಿಮಾನಸಂಚಾರ, ಪ್ಲಾಸ್ಟಿಕ್ ಚೀಲ, ಸಿಲಿಕೋನ್ ಅಂಟಿನಿಂದ ಜೋಡಿಸಿದ ತುಕ್ಕುಹಿಡಿಯದ ತೊಟ್ಟಿ, ನಲ್ಲಿಯ ನೀರಿಗೆ ಬೆರೆಸಬಹುದಾದ ಕೃತಕ ಕಡಲುಪ್ಪು ಇವೆಲ್ಲ ಒಂದರ ಹಿಂದೊಂದು ಒದಗಿಬಂದುವು. ‘ಇನ್‌ಸ್ಟಂಟ್ ಓಷನ್’ ಎಂಬ ಹೆಸರಿನ ಉಪ್ಪು 1964ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಿತು. ಅಂದಿನ ತೊಟ್ಟಿಗಳಲ್ಲಿ ಹವಳವೆಂದರೆ ಬಿಳುಪುಗೊಳಿಸಿದ ಸತ್ತ ಅಸ್ಥಿಪಂಜರ ಮಾತ್ರ. ನಡುವೆ ಈಜುತ್ತಿದ್ದುದು ಬಹುಮಟ್ಟಿಗೆ ಬೇಟೆಮೀನುಗಳು. ಸಿಂಹಮೀನು, ಟ್ರಿಗರ್‌ಫಿಷ್, ನಮ್ಮ ಕರಾವಳಿಯವರು ಮುರು ಎನ್ನುವ ಮೀನಿನ ಬಂಧುಗಳು, ಮತ್ತು ರೋಮನರ ಅದೇ ಹಾವುಮೀನಿನ ಕುಲದವು. ಇವು ಕೊಟ್ಟುದನ್ನು ತಿನ್ನುತ್ತಿದ್ದುವು, ಕೆಟ್ಟ ನೀರನ್ನೂ ಕೆಲಕಾಲ ತಾಳುತ್ತಿದ್ದುವು. ಆದಕಾರಣ ಅರೆಕಲಿತವರ ಕೈಯಲ್ಲಿಯೂ ಬದುಕುತ್ತಿದ್ದುವು. ಸುಕುಮಾರವಾದ ಹವಳವು ನೈಟ್ರೇಟು ಏರಿದೊಡನೆ ಕುಗ್ಗಿ ಸಾಯುತ್ತಿತ್ತು. ಹೀಗೆ ಕಡಲಿನಲ್ಲಿ ಒಂದೇ ಹವಳದ ದಿಬ್ಬದ ಮೇಲೆ ಬಾಳುವ ಎರಡು ಜೀವವರ್ಗಗಳು ಮನುಷ್ಯನ ಮನೆಯಲ್ಲಿ ಬೇರೆಬೇರೆಯಾದುವು.

ಅವನ್ನು ಮತ್ತೆ ಕೂಡಿಸಿದ ದಾರಿಯ ಆರಂಭದಲ್ಲಿ ಜಕಾರ್ತದ ಲೀ ಚಿನ್ ಎಂಗ್ ಎಂಬವರ ಹೆಸರು ಬರುತ್ತದೆ. 1961ರಲ್ಲಿ ಅಮೆರಿಕದ ಪತ್ರಿಕೆಯೊಂದಕ್ಕೆ ಬರೆದ ಲೇಖನದಲ್ಲಿ ಅವರು, ಕಡಲಿನಿಂದ ಜೀವಂತ ಬಂಡೆಗಳನ್ನೇ ತಂದು ತೊಟ್ಟಿಯಲ್ಲಿಟ್ಟು, ಮೆಲ್ಲಗೆ ಗಾಳಿಗುಳ್ಳೆಗಳನ್ನು ಬಿಡುತ್ತ, ಸೂರ್ಯನ ಬೆಳಕಿನಲ್ಲಿ ಹವಳವನ್ನೂ ಮೀನನ್ನೂ ಒಟ್ಟಿಗೆ ಸಾಕುವ ತಮ್ಮ ಕ್ರಮವನ್ನು ವಿವರಿಸಿದರು. ಬಂಡೆಯ ಹೊರಪದರದಲ್ಲಿ ಅಮೋನಿಯವನ್ನು ತಿನ್ನುವ ಜೀವಾಣುಗಳೂ, ಪ್ರಾಣವಾಯು ತಲಪದ ಒಳಪದರದಲ್ಲಿ ನೈಟ್ರೇಟನ್ನು ಗಾಳಿಗೆ ಮರಳಿಸುವ ಜೀವಾಣುಗಳೂ ನೆಲಸಿರುತ್ತವೆಂಬುದರ ಮಹತ್ತ್ವವನ್ನು ಇತರರು ಮನಗಂಡುದು ತಡವಾಗಿ. ಬರ್ಲಿನ್ನಿನ ಹವ್ಯಾಸಿಗಳು ಅಂತಹ ಬಂಡೆಯೊಡನೆ ಪ್ರಖರವಾದ ದೀಪಗಳನ್ನೂ, ಮೀನಿನ ವಿಸರ್ಜನೆಯನ್ನು ಕೊಳೆಯುವ ಮುನ್ನವೇ ನೊರೆಯಾಗಿ ಮೇಲೆತ್ತಿ ತೆಗೆಯುವ ಪ್ರೋಟೀನ್ ಸ್ಕಿಮ್ಮರನ್ನೂ, ಸುಣ್ಣದ ತಿಳಿನೀರನ್ನೂ ಸೇರಿಸಿ ಒಂದು ಪದ್ಧತಿಯನ್ನು ರೂಪಿಸಿದರು. ಹವಳವನ್ನು ಸಾಕುವ ಡಚ್ಚರ ಇನ್ನೊಂದು ಕ್ರಮವನ್ನು ಜಾರ್ಜ್ ಸ್ಮಿಟ್ ಅವರು 1986ರಲ್ಲಿ ಅಮೆರಿಕದವರಿಗೆ ಪರಿಚಯಿಸಿದರು. ಆಮೇಲೆಯೇ ಮಾಂಸಾಹಾರಿ ಮೀನೊಂದು, ಹವಳಕ್ಕೆ ವಿಷವಾಗದೆ, ಹವಳದ ಬಳಿಯಲ್ಲಿಯೇ ಉಣ್ಣುವುದು ಸಾಧ್ಯವಾದುದು.

ಎಲ್ಲ ಬೇಟೆಮೀನೂ ಇದಕ್ಕೆ ಒಗ್ಗುವುದಿಲ್ಲ. ಟ್ರಿಗರ್‌ಫಿಷ್‌ಗಳಲ್ಲಿ ಹಲವು ಹವಳವನ್ನೇ ಕಡಿಯುತ್ತವೆ. ಹವಳವನ್ನು ಮುಟ್ಟದೆ, ಬಾಯಿಗೆ ಹಿಡಿಸುವ ಮೀನು ಸೀಗಡಿಗಳನ್ನು ಮಾತ್ರ ನುಂಗುವ ಮಧ್ಯಮ ಉಗ್ರತೆಯ ಜಾತಿಗಳೇ ತಕ್ಕವು. ಇವುಗಳಲ್ಲಿ ಕಾಮೆಟ್ ಎಂಬ ಮೀನು ನನಗೆ ಅತ್ಯಂತ ಪ್ರಿಯವಾದುದು. ಕಪ್ಪು ಮೈಯ ಮೇಲೆಲ್ಲ ಬೆಳ್ಳನೆಯ ಚುಕ್ಕೆಗಳು. ಬೆನ್ನಿನ ರೆಕ್ಕೆಯ ಬುಡದಲ್ಲಿ, ಬಾಲದ ಕಡೆಗೆ, ಒಂದು ದೊಡ್ಡ ಹುಸಿಗಣ್ಣು. ಹೆದರಿದಾಗ ಅದು ತಲೆಯನ್ನು ಬಿರುಕಿನೊಳಕ್ಕೆ ತೂರಿಸಿ ಬಾಲವನ್ನು ಹೊರಗೆ ಬಿಡುತ್ತದೆ. ಆಗ ಹೊರಗಿನ ಭಾಗವು ಬಿಳಿಚುಕ್ಕೆಯ ಹಾವುಮೀನೊಂದು ಬಿಲದಿಂದ ತಲೆಯನ್ನು ಚಾಚಿದ ಹಾಗೆಯೇ ಕಾಣುತ್ತದೆ, ಬೆನ್ನಟ್ಟಿ ಬಂದ ಶತ್ರುವು ಹಿಮ್ಮೆಟ್ಟುತ್ತದೆ. ಈ ಅನುಕರಣವನ್ನು 1977ರಲ್ಲಿ ವಿಜ್ಞಾನಿ ಜಾನ್ ಮಕಾಸ್ಕರ್ ವಿವರಿಸಿದರು. ಕೊಲುಮೆಲ್ಲನು ಬೇರೆಯಾಗಿಡಬೇಕೆಂದ ಮೀನಿನ ವೇಷವನ್ನೇ ತೊಟ್ಟು ಬದುಕುವ ಮೀನು ಇದು.

ಸಿಂಹಮೀನಿನ ಊಟದ ರೀತಿಯೂ ನಿಂತು ನೋಡತಕ್ಕುದು. ಎದೆಯ ಎರಡು ರೆಕ್ಕೆಗಳನ್ನು ಬೀಸಣಿಗೆಯಂತೆ ಅಗಲಿಸಿಕೊಂಡು, ತಲೆಯನ್ನು ತುಸು ತಗ್ಗಿಸಿ, ಅದು ಸೀಗಡಿಯನ್ನು ಮೂಲೆಗೆ ಒತ್ತುತ್ತ ಬರುತ್ತದೆ, ಅವಸರವೆಂಬುದಿಲ್ಲ. ಒಮ್ಮೊಮ್ಮೆ ಬಾಯಿಂದ ನೀರಿನ ಚಿಕ್ಕ ಧಾರೆಯೊಂದನ್ನು ಎದುರಿನ ಮೀನಿನ ಕಡೆಗೆ ಊದುವುದೂ ಉಂಟು. ಊದಿದ ಪ್ರವಾಹಕ್ಕೆ ಆ ಮೀನು ಮುಖ ತಿರುಗಿಸಿದರೆ ತಲೆಯ ಕಡೆಯಿಂದ ನುಂಗಲು ಅನುಕೂಲ. ಬಳಿಕ ದವಡೆಯು ಮುಂದಕ್ಕೆ ಚಾಚಿ, ನೀರಿನೊಡನೆ ಬೇಟೆಯು ಒಳಸರಿಯುವುದು ಕಣ್ಣಿಗೆ ಹಿಡಿಯದಷ್ಟು ಶೀಘ್ರ. ಹೊಸದಾಗಿ ತಂದ ಮೀನು ಸತ್ತ ಆಹಾರವನ್ನು ಮೂಸಿಯೂ ನೋಡುವುದಿಲ್ಲ. ಕೋಲಿನ ತುದಿಗೆ ಸೀಗಡಿಯ ತುಂಡನ್ನು ಸಿಕ್ಕಿಸಿ, ಜೀವವಿರುವಂತೆ ಅಲುಗಿಸುತ್ತ, ತಾಳ್ಮೆಯಿಂದ ಅದನ್ನು ಪಳಗಿಸಬೇಕು. ಅಗ್ಗವೆಂದು ಸಿಹಿನೀರಿನ ಚಿನ್ನದ ಮೀನುಗಳನ್ನು ತಿನ್ನಿಸುತ್ತ ಬಂದರೆ ಅದರ ಯಕೃತ್ತು ಕೆಡುತ್ತದೆ. ಬೆನ್ನಿನ ಮೇಲಿನ 13 ಮುಳ್ಳುಗಳಲ್ಲಿಯೂ ವಿಷವಿದೆ. ಚುಚ್ಚಿದರೆ ತಾಳಬಹುದಾದಷ್ಟು ಬಿಸಿನೀರಿನಲ್ಲಿ ಕೈಯನ್ನು ಅದ್ದಿಟ್ಟು ವೈದ್ಯರಲ್ಲಿಗೆ ಹೋಗಬೇಕು.

ಈ ಚೆಲುವಿನ ಹಿಂದೆ ಎರಡು ದುಃಖದ ಅಧ್ಯಾಯಗಳಿವೆ. ಮೊದಲನೆಯದು, 1960ರ ದಶಕದಲ್ಲಿ ಫಿಲಿಪ್ಪೀನ್ಸಿನಲ್ಲಿ ಆರಂಭವಾದ ಸಯನೈಡ್ ಬೇಟೆ: ವಿಷವನ್ನು ಹವಳದ ಬಿರುಕುಗಳಿಗೆ ಚಿಮುಕಿಸಿ ಮೀನನ್ನು ಮೂರ್ಛೆಗೊಳಿಸಿ ಹಿಡಿಯುವುದು. ಹಿಡಿದ ಮೀನು ಕೊಂಡವನ ಮನೆಯಲ್ಲಿ ಕಾರಣ ತಿಳಿಯದೆ ಸಾಯುತ್ತಿತ್ತು. ಅದರ ಮನೆಯಾಗಿದ್ದ ಹವಳವು ಅಲ್ಲಿಯೇ ಸಾಯುತ್ತಿತ್ತು. ಎರಡನೆಯದು ಅಟ್ಲಾಂಟಿಕಿನ ಕಥೆ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ಗಳ ನಿವಾಸಿಯಾದ ಸಿಂಹಮೀನು 1985ರಲ್ಲಿ ಫ್ಲಾರಿಡದ ಡೇನಿಯ ಬಳಿ ಮೊದಲು ಕಂಡುಬಂದಿತು. 1992ರ ಆಂಡ್ರೂ ಚಂಡಮಾರುತವು ತೊಟ್ಟಿಯೊಂದನ್ನು ಒಡೆದುದರಿಂದ ಮೀನುಗಳು ಕಡಲು ಸೇರಿದುವೆಂಬ ಕಥೆಯು ಬಹುಕಾಲ ಪ್ರಚಲಿತವಾಗಿದ್ದರೂ, ಅದಕ್ಕೆ ಏಳು ವರ್ಷ ಮೊದಲೇ ಮೀನು ಅಲ್ಲಿದ್ದುದರಿಂದ ಗಾಳಿಯ ಮೇಲೆ ತಪ್ಪನ್ನು ಹೊರಿಸಿ ಪಾರಾಗುವಂತಿಲ್ಲ. ಸಾಕಿದವರೇ ತಂದು ಬಿಟ್ಟರೆಂಬುದು ತಜ್ಞರ ಸಾಮಾನ್ಯ ಅಭಿಪ್ರಾಯ. ಒಂದು ಹೆಣ್ಣು ವರ್ಷಕ್ಕೆ ಸುಮಾರು 20 ಲಕ್ಷ ಮೊಟ್ಟೆಗಳನ್ನಿಡುತ್ತದೆ. ಆ ಕಡಲಿನ ಮೀನುಗಳಿಗೆ ಈ ಬೇಟೆಗಾರನ ಪರಿಚಯವೇ ಇರಲಿಲ್ಲ. 2004ರ ವೇಳೆಗೆ ಬಹಾಮಾಸನ್ನೂ ಅನಂತರ ಕೆರಿಬಿಯನ್ ಸಮುದ್ರವನ್ನೂ ಅದು ವ್ಯಾಪಿಸಿತು. ಆಲ್ಬಿನ್ಸ್ ಮತ್ತು ಹಿಕ್ಸನ್ ಎಂಬ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಪ್ರಯೋಗದ ಪ್ರಕಾರ, ಬಹಾಮಾಸಿನ ಸಣ್ಣ ದಿಬ್ಬಗಳ ಮೇಲೆ ಸಿಂಹಮೀನು ಇದ್ದಲ್ಲಿ ಹೊಸದಾಗಿ ಬಂದು ನೆಲಸುವ ಸ್ಥಳೀಯ ಮೀನಿನ ಮರಿಗಳ ಸಂಖ್ಯೆ ಐದು ವಾರಗಳಲ್ಲಿ ಸರಾಸರಿ ಶೇಕಡ 79ರಷ್ಟು ಕುಗ್ಗಿತು. ಫ್ಲಾರಿಡ ರಾಜ್ಯವು ಜೀವಂತ ಸಿಂಹಮೀನಿನ ಆಮದನ್ನು ನಿಷೇಧಿಸಿದುದು 2014ರಲ್ಲಿ, ಮೊದಲ ಮೀನು ಕಂಡ 29 ವರ್ಷಗಳ ಮೇಲೆ.

ನಮ್ಮಲ್ಲಿಯೂ ಈ ಸಾಕಣೆ ಈಗ ಅಪರೂಪವಲ್ಲ. ಕಡಲಿನಿಂದ ದೂರವಾದ ಬೆಂಗಳೂರಿನಲ್ಲಿ ಶೋಧಿಸಿದ ನೀರಿಗೆ ಲೀಟರಿಗೆ 35 ಗ್ರಾಂ ಉಪ್ಪನ್ನು ತೂಗಿ ಬೆರೆಸಿ, ಮೂರನೆಯ ಮಹಡಿಯಲ್ಲಿ ಸಮುದ್ರವನ್ನು ನಿಲ್ಲಿಸಿದ ಗೃಹಸ್ಥರಿದ್ದಾರೆ. ಅವರ ಶ್ರದ್ಧೆಯನ್ನು ಕಂಡು ನನಗೆ ಗೌರವವೇ ಮೂಡುತ್ತದೆ. ಆದರೆ ದಿಬ್ಬಗಳನ್ನು ಕಟ್ಟುವ ಹವಳಗಳೆಲ್ಲವೂ, ಮುರು ಮೀನಿನ ಕುಲದಲ್ಲಿ ಅತಿದೊಡ್ಡದಾದ ಜಾತಿಯೂ, 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟಿವೆ. ಮುರ್ಡೇಶ್ವರದಾಚೆಯ ನೇತ್ರಾಣಿಯಿಂದ ಹವಳದ ಒಂದು ಚೂರನ್ನು ಎತ್ತಿ ತರುವುದೂ ಅಪರಾಧ. ಆದುದರಿಂದ ಬೇಟೆಮೀನನ್ನು ಸಾಕಬಯಸುವ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟು: ತರುವ ಮೊದಲು ಅದು ಎಲ್ಲಿ, ಹೇಗೆ ಹಿಡಿದುದೆಂದು ಅಂಗಡಿಯವರನ್ನು ಕೇಳಿರಿ, ಕಾಮೆಟ್‌ನಂತೆ ತೊಟ್ಟಿಯಲ್ಲಿಯೇ ಮರಿಮಾಡಿಸಿದ ಜಾತಿ ದೊರೆಯುವುದಾದರೆ ಅದನ್ನೇ ಆರಿಸಿಕೊಳ್ಳಿರಿ, ಸಾಕಲಾರದ ದಿನ ಬಂದರೆ ತಂದ ಅಂಗಡಿಗೋ ಸಾಕಬಲ್ಲ ಇನ್ನೊಬ್ಬರಿಗೋ ಒಪ್ಪಿಸಿರಿ, ಎಂತಹ ಕನಿಕರದಿಂದಲೂ ಅದನ್ನು ಒಯ್ದು ಕಡಲಿಗೆ ಬಿಡಬೇಡಿರಿ.